ಅರ್ಬುದದ ಪರೋಕ್ಷೋಪದ್ರವಗಳು: ಪಶುವೈದ್ಯ ಪರಿಭಾಷೆಯ ಒಂದು ವಿಮರ್ಶೆ

ಶಾಸ್ತ್ರಗ್ರಂಥಗಳನ್ನು ಕನ್ನಡದಲ್ಲಿ ರಚಿಸುವ ಮಾತು ಬಂದಾಗಲೆಲ್ಲ ಒಂದು ವಾದ ಕೇಳಿಬರುವುದುಂಟು: ಪಾರಿಭಾಷಿಕ ಪದವೆಂಬುದು ಕೇವಲ ಗುರುತು, ಯಾವ ಹೆಸರನ್ನಿಟ್ಟರೂ ಅದರ ಲಕ್ಷಣವನ್ನು ಒಂದು ವಾಕ್ಯದಲ್ಲಿ ಹೇಳಿಬಿಟ್ಟರೆ ಸಾಕು, ಹೆಸರಿನ ಧಾತ್ವರ್ಥವನ್ನು ಕೆದಕುವುದು ವ್ಯರ್ಥಶ್ರಮ. ಗಣಿತದಲ್ಲಿ ಈ ವಾದ ಸಲ್ಲಬಹುದು. ರೋಗಶಾಸ್ತ್ರದಲ್ಲಿ ಸಲ್ಲದು. ರೋಗದ ಹೆಸರು ವೈದ್ಯನ ಕಣ್ಣನ್ನು ಒಂದು ಕಡೆಗೆ ತಿರುಗಿಸುತ್ತದೆ. ಕಣ್ಣು ತಿರುಗಿದ ಕಡೆಗೆ ಕೈಯೂ ಹೋಗುತ್ತದೆ. ಹೆಸರು ತಪ್ಪುದಾರಿಗೆ ತಿರುಗಿಸಿದರೆ ಲಕ್ಷಣವಾಕ್ಯ ಪುಸ್ತಕದಲ್ಲಿಯೇ ಉಳಿದು, ರೋಗಿ ಹಾಸಿಗೆಯಲ್ಲಿ ಉಳಿಯುವನು. ಇದಕ್ಕೆ ಸಾಕುಪ್ರಾಣಿಗಳ ಕ್ಯಾನ್ಸರ್ ರೋಗದ ಒಂದು ಪ್ರಕರಣಕ್ಕಿಂತ ಸ್ಫುಟವಾದ ನಿದರ್ಶನ ದೊರೆಯುವುದು ಕಷ್ಟ.

ಪ್ರಕರಣವಿದು. ಗಡ್ಡೆ ದೇಹದಲ್ಲಿ ಒಂದೆಡೆ ಇರುವುದು. ದೇಹ ಕೆಡುವುದು ಇನ್ನೊಂದೆಡೆ. ಗಡ್ಡೆ ಅಲ್ಲಿಗೆ ಒತ್ತಿದ್ದರಿಂದಲ್ಲ. ಗಡ್ಡೆಯ ಕಣಗಳು ರಕ್ತದಲ್ಲಿ ಹರಿದುಹೋಗಿ ಅಲ್ಲಿ ಬೇರೂರಿದ್ದರಿಂದಲೂ ಅಲ್ಲ. ಗಡ್ಡೆ ಸುರಿಸಿದ ಯಾವುದೋ ದ್ರವ್ಯದಿಂದ, ಅಥವಾ ಗಡ್ಡೆಯನ್ನೆದುರಿಸಲು ದೇಹವೇ ಸಿದ್ಧಪಡಿಸಿದ ಆಯುಧ ಗುರಿ ತಪ್ಪಿದುದರಿಂದ, ಗಡ್ಡೆಯಿಲ್ಲದ ಅಂಗ ರೋಗಗ್ರಸ್ತವಾಗುತ್ತದೆ. ಪಾಶ್ಚಾತ್ಯ ವೈದ್ಯರು ಇದಕ್ಕೆ ‘ಪ್ಯಾರಾನಿಯೋಪ್ಲಾಸ್ಟಿಕ್’ ವಿಕಾರವೆಂದು ಹೆಸರಿಟ್ಟಿದ್ದಾರೆ. ಈ ಪದ ೧೯೪೦ರ ದಶಕದ ಕೊನೆಯಲ್ಲಿ ಫ್ರೆಂಚ್ ವೈದ್ಯರ ಬರಹಗಳಲ್ಲಿ ಕಾಣಿಸಿಕೊಂಡಿತು. ಪದಾರ್ಥದ ಅರಿವು ಮಾತ್ರ ಅದಕ್ಕಿಂತ ಹಳೆಯದು. ೧೮೬೫ರಲ್ಲಿಯೇ ಪ್ಯಾರಿಸ್ಸಿನ ತ್ರೂಸೋ ಎಂಬ ವೈದ್ಯನು, ಕೈಕಾಲುಗಳ ನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವುದು ಜಠರದ ಕ್ಯಾನ್ಸರಿನ ಕುರುಹಾಗಿರಬಹುದೆಂದು ಬೋಧಿಸಿದ್ದನು. ಕೆಲಕಾಲದ ಮೇಲೆ ಅದೇ ಕುರುಹನ್ನು ತನ್ನ ದೇಹದಲ್ಲಿ ಕಂಡುಕೊಂಡು, ೧೮೬೭ರಲ್ಲಿ ಅದೇ ರೋಗದಿಂದ ತೀರಿಕೊಂಡನು.

ಮನುಷ್ಯವೈದ್ಯದಲ್ಲಿ ಹುಟ್ಟಿದ ಈ ವಿಚಾರ ಪಶುವೈದ್ಯಕ್ಕೆ ಬಂದಾಗ ಅದರ ತೂಕ ಹೆಚ್ಚಿತೆಂದೇ ಹೇಳಬೇಕು. ಮನುಷ್ಯ ರೋಗಿ ಬಾಯಿಬಿಟ್ಟು ಹೇಳುತ್ತಾನೆ: ಇಲ್ಲಿ ನೋವು, ಅಲ್ಲಿ ಉರಿ, ತಿಂಗಳಿಂದ ಬಳಲಿಕೆ. ಮೂಕಪ್ರಾಣಿಯಲ್ಲಿ ಆ ಹೇಳಿಕೆಯಿಲ್ಲ. ಅದು ಎಷ್ಟು ನೀರು ಕುಡಿಯಿತು, ಹೇಗೆ ಹೆಜ್ಜೆಯಿಟ್ಟಿತು, ಕೂದಲು ಎಲ್ಲಿ ಉದುರಿತು ಎಂಬುದಷ್ಟೇ ವೈದ್ಯನಿಗೆ ದೊರೆಯುವ ವಾಕ್ಯ. ಅದನ್ನೂ ಸಾಕಿದವರ ಬಾಯಿಂದ ಕೇಳಬೇಕು. ಸಾಕಿದವರು ಕಂಡುದನ್ನು ತಮಗೆ ಗೊತ್ತಿರುವ ಹೆಸರಿನಿಂದಲೇ ಹೇಳುತ್ತಾರೆ. ಆದಕಾರಣ ಇಲ್ಲಿ ಪದದ ಪ್ರಶ್ನೆ ಪಂಡಿತರ ವಿನೋದವಲ್ಲ.

ಮೊದಲು ಮೂಲಪದವನ್ನೇ ನೋಡಬಹುದು. ಕ್ಯಾನ್ಸರಿಗೆ ನಮ್ಮಲ್ಲಿ ‘ಅರ್ಬುದ’, ‘ಏಡಿಗಂತಿ’ ಎಂಬ ಹೆಸರುಗಳು ಗ್ರಂಥಗಳಲ್ಲಿ ಬಳಕೆಯಾಗಿವೆ. ಎರಡನೆಯದು ಗ್ರೀಕ್ ಮತ್ತು ಲ್ಯಾಟಿನ್ ಹೆಸರುಗಳ ನೇರ ಅನುಕರಣ. ಎರಡು ಭಾಷೆಗಳಲ್ಲಿಯೂ ಆ ಪದಕ್ಕೆ ಏಡಿಯೆಂದೇ ಅರ್ಥ. ಮೊದಲನೆಯದು ಸುಶ್ರುತನದು. ಅವನ ನಿದಾನಸ್ಥಾನದಲ್ಲಿ ಅರ್ಬುದವೆಂದರೆ ಮಾಂಸವನ್ನು ಕೆಡಿಸಿ ಎದ್ದ ಉಬ್ಬು. ದುಂಡಗಿರುವುದು, ಅಲುಗದಿರುವುದು, ನೋವು ಸ್ವಲ್ಪ, ಬೇರು ಆಳ, ಬೆಳವಣಿಗೆ ನಿಧಾನ, ಕೀವುಗಟ್ಟುವುದಿಲ್ಲ. ಒಂದರ ಮೇಲೊಂದು ಹುಟ್ಟಿದರೆ ಅಧ್ಯರ್ಬುದ. ಎರಡು ಒಟ್ಟಿಗೋ ಒಂದಾದಮೇಲೊಂದೋ ಹುಟ್ಟಿದರೆ ದ್ವಿರರ್ಬುದ. ಬೆರಳಿಗೆ ಸಿಕ್ಕ ವಸ್ತುವಿನ ವರ್ಣನೆ ಇದಕ್ಕಿಂತ ಚೆನ್ನಾಗಿರಲಾರದು. ಏಡಿಯ ಹೆಸರೂ ಅಂಥದೇ. ಗಡ್ಡೆಯ ಸುತ್ತ ಚಾಚಿದ ನಾಳಗಳನ್ನು ಕಂಡವರು ಇಟ್ಟ ಹೆಸರದು. ಎರಡೂ ಕಣ್ಣಿಗೆ ಬಿದ್ದುದರ ಹೆಸರುಗಳು, ಇದ್ದೆಡೆಯ ಹೆಸರುಗಳು.

ನಮ್ಮ ಎತ್ತುಗಳಿಗೆ ಬರುವ ಕೊಂಬಿನ ಕ್ಯಾನ್ಸರಿಗೆ ಇಂಥ ಹೆಸರು ಪೂರ್ಣವಾಗಿ ಒಪ್ಪುವುದು. ಇಂಡಿಯಾ ದೇಶದ ಡುಬ್ಬದ ದನಗಳಲ್ಲಿ, ಅದರಲ್ಲಿಯೂ ಎತ್ತುಗಳಲ್ಲಿ, ಕೊಂಬಿನ ಒಳತಿರುಳಿನ ಪೊರೆಯಿಂದ ಹುಟ್ಟುವ ಈ ರೋಗ ಬಹುಕಾಲದಿಂದ ಪ್ರಸಿದ್ಧವಾಗಿದೆ. ಎತ್ತು ತಲೆಯನ್ನು ಒಂದು ಕಡೆಗೆ ವಾಲಿಸುತ್ತದೆ, ಆಗಾಗ ಒದರುತ್ತದೆ, ಮೂಗಿನಿಂದ ಸೋರಿಕೆಯಾಗುತ್ತದೆ. ಕಡೆಗೆ ಕೊಂಬು ಸಡಿಲಗೊಂಡು ಬಾಗುತ್ತದೆ. ಇಲ್ಲಿ ನೋವಿರುವ ಕಡೆಯೇ ಗಡ್ಡೆಯಿದೆ. ಗಡ್ಡೆಯಿರುವ ಕಡೆಗೇ ರೈತನ ಕೈ ಹೋಗುತ್ತದೆ. ಹೆಸರು, ಸ್ಥಾನ, ಲಕ್ಷಣ ಮೂರೂ ಒಂದೇ ಬಿಂದುವಿನಲ್ಲಿ ಕೂಡಿವೆ. ಅರ್ಬುದವೆಂಬ ಪದ ಇಂಥ ರೋಗವನ್ನೇ ಮುಂದಿಟ್ಟುಕೊಂಡು ಹುಟ್ಟಿದಂತಿದೆ.

ಇದರ ಮಗ್ಗುಲಲ್ಲಿ ನೀರು ಕುಡಿಯುವ ನಾಯಿಯನ್ನು ನಿಲ್ಲಿಸಿ ನೋಡಬೇಕು. ವಯಸ್ಸಾದ ನಾಯಿಯೊಂದು ಹಠಾತ್ತಾಗಿ ನೀರಿಗೆ ಹಂಬಲಿಸತೊಡಗುತ್ತದೆ. ದೇಹತೂಕದ ಕಿಲೋಗ್ರಾಮಿಗೆ ದಿನಕ್ಕೆ ೧೦೦ ಮಿಲಿಲೀಟರನ್ನು ಮೀರಿದರೆ ಅದು ಅತಿತೃಷೆಯೆಂದು ವೈದ್ಯರ ಗಣನೆ. ರಾತ್ರಿ ಮನೆಯೊಳಗೆಯೇ ಮೂತ್ರ ಮಾಡಿಬಿಡುತ್ತದೆ, ಊಟ ಬಿಡುತ್ತದೆ, ಹಿಂಗಾಲುಗಳಲ್ಲಿ ಶಕ್ತಿ ಕುಂದುತ್ತದೆ. ಮೈಮೇಲೆಲ್ಲ ಕೈಯಾಡಿಸಿದರೂ ಗಡ್ಡೆಯೆಂಬುದು ಸಿಗುವುದಿಲ್ಲ. ರಕ್ತವನ್ನು ಪರೀಕ್ಷಿಸಿದಾಗ ಕ್ಯಾಲ್ಸಿಯಮ್ಮಿನ ಪ್ರಮಾಣ ಮಿತಿಮೀರಿರುವುದು ಕಾಣುತ್ತದೆ; ಸ್ವಸ್ಥವಾದ ನಾಯಿಯಲ್ಲಿ ಅದು ಡೆಸಿಲೀಟರಿಗೆ ಸುಮಾರು ೯ರಿಂದ ೧೧.೫ ಮಿಲಿಗ್ರಾಮಿನೊಳಗೆ ಇರತಕ್ಕದ್ದು. ಕಡೆಗೆ ವೈದ್ಯನು ಗುದದ್ವಾರದಲ್ಲಿ ಬೆರಳಿಟ್ಟು ನೋಡಿದಾಗ, ಇಕ್ಕೆಲದ ಸಣ್ಣ ಚೀಲಗಳಲ್ಲಿ ಒಂದರ ಗೋಡೆಯಲ್ಲಿ ಬಟಾಣಿ ಕಾಳಿನಷ್ಟು ಗಂಟು ತಗಲುತ್ತದೆ. ರೋಗದ ಬೇರು ಅದು. ನಾಯಿಗಳಲ್ಲಿ ರಕ್ತದ ಕ್ಯಾಲ್ಸಿಯಮ್ಮನ್ನು ಹೀಗೆ ಏರಿಸುವ ಕ್ಯಾನ್ಸರುಗಳ ಪೈಕಿ ಲಿಂಫೋಮ ಎಂಬ ದುಗ್ಧರಸಗ್ರಂಥಿಗಳ ಕ್ಯಾನ್ಸರ್ ಮೊದಲನೆಯದು. ಈ ಗುದಚೀಲದ ಕ್ಯಾನ್ಸರೂ ಪ್ರಸಿದ್ಧವಾದುದೇ.

ಇದರ ಕಾರ್ಯಕ್ರಮವನ್ನು ಬಿಡಿಸಲು ಸುಮಾರು ಅರ್ಧ ಶತಮಾನ ಹಿಡಿಯಿತು. ೧೯೪೧ರಲ್ಲಿ ಅಮೆರಿಕದ ಫುಲ್ಲರ್ ಆಲ್‌ಬ್ರೈಟ್ ಎಂಬ ವೈದ್ಯನು ಮೂತ್ರಪಿಂಡದ ಕ್ಯಾನ್ಸರಿದ್ದ ರೋಗಿಯೊಬ್ಬನನ್ನು ವಿಮರ್ಶಿಸುತ್ತ, ಗಡ್ಡೆಯೇ ಪ್ಯಾರಾಥೈರಾಯ್ಡ್ ಗ್ರಂಥಿಯ ಹಾರ್ಮೋನಿನಂಥ ದ್ರವ್ಯವನ್ನು ಸುರಿಸುತ್ತಿರಬಹುದೆಂದು ಊಹಿಸಿದನು. ಆ ದ್ರವ್ಯ ಕೈಗೆ ಸಿಕ್ಕಿದುದು ೧೯೮೭ರಲ್ಲಿ. ಅದು ಎಲುಬಿನಿಂದ ಕ್ಯಾಲ್ಸಿಯಮ್ಮನ್ನು ಹೊರಡಿಸಿ ರಕ್ತಕ್ಕೆ ತುಂಬುತ್ತದೆ. ಏರಿದ ಕ್ಯಾಲ್ಸಿಯಮ್ ಮೂತ್ರಪಿಂಡದ ಮೇಲೆ ಕೂತು, ನೀರನ್ನು ಹಿಡಿದಿಡುವ ಅದರ ಶಕ್ತಿಯನ್ನು ಕುಗ್ಗಿಸುತ್ತದೆ. ಆದುದರಿಂದ ನಾಯಿ ಬಹಳ ನೀರು ಕುಡಿದು ಬಹಳ ಮೂತ್ರ ಮಾಡುವುದಲ್ಲ. ಮೂತ್ರದಲ್ಲಿ ನೀರು ಹರಿದುಹೋಗುವುದರಿಂದ ಕುಡಿಯುತ್ತದೆ. ಕಣ್ಣಿಗೆ ಕಾಣುವ ಕ್ರಮ ಒಂದು, ನಿಜವಾದ ಕ್ರಮ ಅದರ ವಿಪರ್ಯಯ. ಮನೆ ನೆನೆಯುವುದೆಂದು ಬೇಸತ್ತು ನೀರಿನ ಬಟ್ಟಲನ್ನು ಎತ್ತಿಟ್ಟವರು, ಮೊದಲೇ ಕ್ಯಾಲ್ಸಿಯಮ್ಮಿನ ಹೊರೆಯಿಂದ ಕೆಡುತ್ತಿರುವ ಮೂತ್ರಪಿಂಡಗಳನ್ನು ಒಣಗಿಸಿ ನಾಯಿಯನ್ನು ಬೇಗ ಕೊಲ್ಲುತ್ತಾರೆ. ಕಾಲಿನಲ್ಲಿ ಬಲವಿಲ್ಲವೆಂದು ಕ್ಯಾಲ್ಸಿಯಮ್ಮಿನ ಔಷಧವನ್ನೇ ಕುಡಿಸಿದವರು ಉರಿಯುವುದಕ್ಕೆ ಎಣ್ಣೆಯೆರೆದಂತಾಗುತ್ತದೆ. ಇಬ್ಬರೂ ದಯೆಯಿಲ್ಲದವರಲ್ಲ, ಕಂಡ ಲಕ್ಷಣಕ್ಕೆ ಅದಿದ್ದ ಕಡೆಯಲ್ಲಿಯೇ ಕಾರಣವನ್ನು ಹುಡುಕಿದವರು.

ಇನ್ನು ಹೆಸರಿನ ವಿಚಾರ. ಪಾಶ್ಚಾತ್ಯ ಪದವನ್ನು ಬಿಡಿಸಿದರೆ ‘ಪ್ಯಾರಾ’ ಎಂದರೆ ಪಕ್ಕ, ‘ನಿಯೋಪ್ಲಾಸ್ಟಿಕ್’ ಎಂದರೆ ಹೊಸ ಬೆಳವಣಿಗೆಗೆ ಸಂಬಂಧಪಟ್ಟದ್ದು. ಹೊಸ ಬೆಳವಣಿಗೆಯ ಪಕ್ಕದ್ದು ಎಂದಷ್ಟೇ ಆಯಿತು. ಪಕ್ಕದಲ್ಲಿರುವುದೆಂದರೆ ಸಂಬಂಧವೇನು, ಕಾರ್ಯವೋ ಕಾರಣವೋ ಬರಿಯ ನೆರೆಹೊರೆಯೋ ಎಂಬುದನ್ನು ಪದ ಹೇಳುವುದಿಲ್ಲ. (ಪ್ಯಾರಾಥೈರಾಯ್ಡ್ ಗ್ರಂಥಿಗೂ ಥೈರಾಯ್ಡಿನ ಪಕ್ಕದಲ್ಲಿದೆಯೆಂಬುದೇ ಹೆಸರಿನ ಆಧಾರ, ಮೇಲೆ ಹೇಳಿದ ದ್ರವ್ಯಕ್ಕೆ ಆ ಗ್ರಂಥಿಯ ಹಾರ್ಮೋನಿಗೆ ಸಂಬಂಧಿಸಿದ್ದೆಂದು ಹೆಸರು. ಪಕ್ಕದ್ದರ ಪಕ್ಕದಲ್ಲಿಯೇ ಶಾಸ್ತ್ರವೆಲ್ಲ ಸುಳಿದಾಡುತ್ತಿರುವಂತಿದೆ.) ಇದನ್ನು ಧ್ವನಿಸಾಮ್ಯದಿಂದ ‘ಪರಾರ್ಬುದ’ವೆಂದು ಮಾಡಿದರೆ ದೋಷ ಇನ್ನೂ ಹೆಚ್ಚುವುದು. ಸಂಸ್ಕೃತದ ‘ಪರ’ ಶಬ್ದಕ್ಕೆ ಬೇರೆ, ಆಚೆಯ, ಶ್ರೇಷ್ಠ ಎಂಬ ಅರ್ಥಗಳುಂಟು. ಪರಾರ್ಬುದವೆಂದರೆ ಬೇರೊಂದು ಅರ್ಬುದವೆಂದೇ ವಿದ್ಯಾರ್ಥಿ ತಿಳಿಯುವನು. ಇಲ್ಲಿಯಾದರೋ ಎರಡನೆಯ ಅರ್ಬುದವಿಲ್ಲವೆಂಬುದೇ ಮುಖ್ಯಾಂಶ.

ಅರ್ಥಾನುವಾದ ಮಾಡಿ ‘ಅಡ್ಡಪರಿಣಾಮ’, ‘ಪಾರ್ಶ್ವಪರಿಣಾಮ’ ಎಂದರೆ ಹೇಗೆ? ಈ ಮಾತುಗಳು ಕನ್ನಡದಲ್ಲಿ ಔಷಧಗಳ ಅನಿಷ್ಟಫಲಕ್ಕೆ ಆಗಲೇ ಸಂದುಹೋಗಿವೆ. ಪದವೊಂದು ಎರಡು ಅರ್ಥಗಳಲ್ಲಿ ನಡೆಯುವುದು ಭಾಷೆಯಲ್ಲಿ ಅಪರೂಪವಲ್ಲವೆಂದು ಸಮಾಧಾನ ಹೇಳಬಹುದು. ಆದರೆ ಈ ಎರಡು ಅರ್ಥಗಳು ಒಂದೇ ರೋಗಿಯ ಹಾಸಿಗೆಯ ಬಳಿ ಎದುರುಬದುರಾಗುತ್ತವೆ. ಲಿಂಫೋಮದಿಂದ ಕ್ಯಾಲ್ಸಿಯಮ್ ಏರಿದ ನಾಯಿ ಚಿಕಿತ್ಸೆಗೆ ಮೊದಲು ಬಹಳ ನೀರು ಕುಡಿಯುತ್ತದೆ. ಅದು ಗಡ್ಡೆಯ ಕೆಲಸ. ಚಿಕಿತ್ಸೆಗೆ ಪ್ರೆಡ್ನಿಸೊಲೋನ್ ಕೊಟ್ಟಮೇಲೆ, ಕ್ಯಾಲ್ಸಿಯಮ್ ಇಳಿಯುತ್ತಿದ್ದರೂ, ಅದೇ ನಾಯಿ ಬಹಳ ನೀರು ಕುಡಿಯುತ್ತದೆ. ಅದು ಔಷಧದ ಕೆಲಸ. ಮೊದಲನೆಯದು ಮುಂದುವರಿದರೆ ಚಿಕಿತ್ಸೆ ಸೋತಿದೆ. ಎರಡನೆಯದು ಮುಂದುವರಿದರೆ ಚಿಕಿತ್ಸೆ ನಡೆಯುತ್ತಿದೆಯೆಂದಷ್ಟೇ ಅರ್ಥ. ಇವೆರಡನ್ನೂ ಅಡ್ಡಪರಿಣಾಮವೆಂದು ಕರೆದು, ‘ಅಡ್ಡಪರಿಣಾಮ ಕಂಡರೆ ಹೆದರಬೇಕಾಗಿಲ್ಲ’ ಎಂದು ಪಾಠಪುಸ್ತಕದಲ್ಲಿ ಬರೆದರೆ ಆ ವಾಕ್ಯ ಅರ್ಧ ನಿಜ, ಅರ್ಧ ಅಪಾಯ. ಈ ಪದವನ್ನು ನಿಸ್ಸಂಶಯವಾಗಿ ಬಿಡತಕ್ಕದ್ದು.

ಹಾಗಾದರೆ ನಮ್ಮ ಪ್ರಾಚೀನ ನಿದಾನಶಾಸ್ತ್ರದಲ್ಲಿ ಇದಕ್ಕೊಪ್ಪುವ ಪದವುಂಟೆ? ಹಳೆಯ ಶಾಸ್ತ್ರದಲ್ಲಿ ಎಲ್ಲವೂ ಇತ್ತೆಂಬ ಹೆಮ್ಮೆಯಿಂದ ಈ ಪ್ರಶ್ನೆಯನ್ನು ಕೇಳುವುದಲ್ಲ. ಗುದಚೀಲದ ಗಂಟಿಗೂ ಅತಿತೃಷೆಗೂ ಇರುವ ನಂಟು ಚರಕನಿಗೂ ಸುಶ್ರುತನಿಗೂ ತಿಳಿದಿರಲಿಲ್ಲ. ತಿಳಿಯಲು ರಕ್ತವನ್ನು ಅಳೆಯುವ ಉಪಾಯ ಬೇಕಾಗಿತ್ತು. ಆದರೆ ರೋಗಕ್ಕೂ ರೋಗದಿಂದ ಹುಟ್ಟಿದ ರೋಗಕ್ಕೂ ಇರುವ ಸಂಬಂಧಗಳನ್ನು ಅವರು ಬಹು ಸೂಕ್ಷ್ಮವಾಗಿ ವಿಂಗಡಿಸಿದ್ದಾರೆ. ಪಾತ್ರೆ ಸಿದ್ಧವಾಗಿದ್ದರೆ ಹೊಸ ಪದಾರ್ಥವನ್ನು ಅದರಲ್ಲಿಡಬಹುದೇ ಎಂಬುದಷ್ಟೇ ಪ್ರಶ್ನೆ.

ಮೊದಲು ‘ಪೂರ್ವರೂಪ’. ನಿದಾನ, ಪೂರ್ವರೂಪ, ರೂಪ, ಉಪಶಯ, ಸಂಪ್ರಾಪ್ತಿ ಎಂಬ ಐದರಲ್ಲಿ ಎರಡನೆಯದಿದು. ರೋಗ ಪ್ರಕಟವಾಗುವುದಕ್ಕೆ ಮುಂಚಿನ ಕುರುಹು. ನಾಯಿಯ ತೃಷೆ ಗಂಟಿಗಿಂತ ಮೊದಲು ಕಂಡಿತಲ್ಲವೆ? ಕಂಡಿತು, ದಿಟ, ಹುಟ್ಟಲಿಲ್ಲ. ಗಂಟು ಮೊದಲೇ ಇದ್ದು ಕೆಲಸ ಮಾಡುತ್ತಿತ್ತು. ಪೂರ್ವರೂಪವೆಂದರೆ ರೋಗ ಇನ್ನೂ ಬರಬೇಕಾಗಿದೆಯೆಂಬ ಭಾವನೆ ಹುಟ್ಟಿ, ಕಾದು ನೋಡುವ ಮನಸ್ಸಾಗುವುದು. ಬಂದುಹೋದುದನ್ನು ಬರಲಿರುವುದೆಂದು ಹೇಳುವ ಹೆಸರು ಇಲ್ಲಿ ಬೇಡ.

ಎರಡನೆಯದು ಚರಕನ ‘ನಿದಾನಾರ್ಥಕರ’ ರೋಗ. ಒಂದು ರೋಗವೇ ಇನ್ನೊಂದು ರೋಗಕ್ಕೆ ನಿದಾನವಾಗಬಹುದೆಂದು ನಿದಾನಸ್ಥಾನದ ಕಡೆಯ ಅಧ್ಯಾಯದಲ್ಲಿ ಹೇಳಿದೆ. ಹಾಗೆ ಹುಟ್ಟಿಸಿದ ರೋಗ ಕೆಲವೊಮ್ಮೆ ತಾನು ಶಮನವಾಗುವುದು, ಕೆಲವೊಮ್ಮೆ ಉಳಿದುಕೊಳ್ಳುವುದು ಎಂಬ ಭೇದವನ್ನೂ ಮಾಡಿದೆ. ಬಹಳ ಆಕರ್ಷಕವಾದ ಪದ. ಆದರೆ ಅಲ್ಲಿ ಎರಡನೆಯ ರೋಗ ಸ್ವತಂತ್ರ. ತಂದೆ ಸತ್ತರೂ ಮಗ ಬದುಕುವಂತೆ, ಮೊದಲನೆಯದು ಅಡಗಿದರೂ ಅದು ನಡೆಯುವುದು. ನಮ್ಮ ಪ್ರಕರಣದಲ್ಲಿ ಗಂಟನ್ನು ಶಸ್ತ್ರದಿಂದ ತೆಗೆದೊಡನೆ ಕ್ಯಾಲ್ಸಿಯಮ್ ಇಳಿಯುತ್ತದೆ, ತೃಷೆ ಅಡಗುತ್ತದೆ. ಪರಾಧೀನವಾದುದಕ್ಕೆ ಸ್ವತಂತ್ರನ ಹೆಸರು ಸಲ್ಲದು.

ಮೂರನೆಯದು ‘ಉಪದ್ರವ’. ಇದರ ಲಕ್ಷಣವನ್ನು ಚರಕನು ವಿಸರ್ಪಚಿಕಿತ್ಸೆಯ ಅಧ್ಯಾಯದಲ್ಲಿ ಕೊಡುತ್ತಾನೆ. ರೋಗವಾದ ಮೇಲೆ ಹುಟ್ಟುವುದು, ಆ ರೋಗವನ್ನೇ ಆಶ್ರಯಿಸಿರುವುದು, ತಾನೂ ಒಂದು ರೋಗವೇ ಆಗಿರುವುದು, ಪ್ರಧಾನರೋಗ ಶಮನವಾದರೆ ಬಹುಮಟ್ಟಿಗೆ ತಾನೂ ಶಮನವಾಗುವುದು: ಸಾರಾಂಶ ಇಷ್ಟು. ಒಂದೊಂದು ಅಂಗವನ್ನೂ ನೀರು ಕುಡಿಯುವ ನಾಯಿಯ ಮೇಲಿಟ್ಟು ನೋಡಿದರೆ ಎಲ್ಲವೂ ಹೊಂದುತ್ತದೆ. ಅರ್ಬುದದ ಪ್ರಕರಣದಲ್ಲಿ ಈ ಪದ ಅಪರಿಚಿತವೂ ಅಲ್ಲ. ಸುಶ್ರುತನು ರಕ್ತಾರ್ಬುದವನ್ನು ಹೇಳುವಾಗ, ಎಡೆಬಿಡದೆ ರಕ್ತ ಸುರಿಯುವುದರಿಂದ ಆಗುವ ರಕ್ತಕ್ಷಯವನ್ನು ಉಪದ್ರವವೆಂದು ಕರೆದು, ಅದರಿಂದ ರೋಗಿ ಬಿಳಿಚಿಕೊಳ್ಳುವನೆಂದು ತಿಳಿಸಿದ್ದಾನೆ. ಒಂದೆಡೆಯ ಗಡ್ಡೆಯಿಂದ ಸರ್ವಾಂಗವೂ ಕೆಡುವುದೆಂಬ ತಿಳಿವಳಿಕೆ ಅಲ್ಲಿ ಸ್ಪಷ್ಟವಾಗಿದೆ. ಅಲ್ಲಿನ ದಾರಿ ಕಣ್ಣಿಗೆ ಕಾಣುವಂಥದು, ರಕ್ತ ಸುರಿಯುವುದನ್ನು ಯಾರಾದರೂ ನೋಡಬಹುದು ಎಂಬುದೊಂದೇ ವ್ಯತ್ಯಾಸ.

ಇಷ್ಟಾದರೂ ಉಪದ್ರವವನ್ನು ಹಾಗೆಯೇ ಎತ್ತಿಕೊಳ್ಳಲು ಎರಡು ಅಡ್ಡಿಗಳುಂಟು. ಒಂದು, ಕನ್ನಡದಲ್ಲಿ ಉಪದ್ರವವೆಂದರೆ ಕಾಟ. ಮಕ್ಕಳ ಉಪದ್ರವ, ಇಲಿಗಳ ಉಪದ್ರವ ಎನ್ನುತ್ತೇವೆ. ಇದು ದೊಡ್ಡ ಅಡ್ಡಿಯಲ್ಲ. ಶಾಸ್ತ್ರ ತನ್ನ ಪದವನ್ನು ಬೀದಿಯಿಂದ ಹಿಂದಕ್ಕೆ ಪಡೆದ ನಿದರ್ಶನಗಳು ಬೇಕಾದಷ್ಟಿವೆ. ಎರಡನೆಯದು ನಿಜವಾದ ಅಡ್ಡಿ. ಕೊಂಬಿನ ಕ್ಯಾನ್ಸರಿನಲ್ಲಿ ಹುಳು ಬೀಳುವುದೂ ಉಪದ್ರವ, ರಕ್ತ ಸುರಿಯುವುದೂ ಉಪದ್ರವ. ಗಡ್ಡೆಯಿರುವಲ್ಲಿಯೇ ನಡೆಯುವ ಇವುಗಳಿಂದ ನಮ್ಮ ಪದಾರ್ಥವನ್ನು ಬೇರ್ಪಡಿಸಲು ಒಂದು ವಿಶೇಷಣ ಬೇಕೇ ಬೇಕು.

‘ದೂರ’ ಎಂಬ ವಿಶೇಷಣ ಮೊದಲು ಹೊಳೆಯುವುದು. ಕಾಲು ಬಾವಿನ ನಾಯಿಯಲ್ಲಿ ಅದು ಸಾರ್ಥಕವಾಗಿಯೂ ತೋರುತ್ತದೆ. ೧೮೯೦ರಲ್ಲಿ ಫ್ರಾನ್ಸಿನ ಪಿಯೆರ್ ಮಾರೀ ಮನುಷ್ಯರಲ್ಲಿ ವರ್ಣಿಸಿದ ಒಂದು ವಿಕಾರವುಂಟು. ಪುಪ್ಪುಸದ ರೋಗದೊಡನೆ ಕೈಕಾಲುಗಳ ಎಲುಬುಗಳ ಮೇಲೆ ಹೊಸ ಎಲುಬು ಪದರಪದರವಾಗಿ ಬೆಳೆಯುವುದು. ನಾಯಿಗಳಲ್ಲಿ ಇದು ಪುಪ್ಪುಸದ ಗಡ್ಡೆಗಳೊಡನೆ ಕಾಣುತ್ತದೆ. ಕಾಲುಗಳು ಮೊಳಕಾಲಿನ ಕೆಳಗೆ ದಪ್ಪವಾಗಿ ಮುಟ್ಟಿದರೆ ಬಿಸಿಯಾಗಿರುತ್ತವೆ. ನಾಯಿ ಏಳಲಾರದು, ನಡೆಯಲಾರದು. ಕೀಲುಗಳು ಮಾತ್ರ ಹಾಳಾಗಿರುವುದಿಲ್ಲ. ಕೆಮ್ಮಿಲ್ಲದಿದ್ದರೆ ಎದೆಯ ಚಿತ್ರವನ್ನು ತೆಗೆಯಬೇಕೆಂದು ಯಾರಿಗೆ ತೋಚೀತು? ಉಷ್ಣದೇಶಗಳಲ್ಲಿ ಇದಕ್ಕಿಂತ ನೀಳವಾದ ಸರಪಣಿಯೊಂದಿದೆ. ಸಗಣಿ ಹುಳುವನ್ನು ತಿಂದ ನಾಯಿಗೆ ಸ್ಪೈರೋಸರ್ಕ ಎಂಬ ಜಂತು ಸೇರಿ ಅನ್ನನಾಳದ ಗೋಡೆಯಲ್ಲಿ ಗಂಟು ಕಟ್ಟುತ್ತದೆ. ಆ ಗಂಟು ಕೆಲವು ನಾಯಿಗಳಲ್ಲಿ ಕ್ಯಾನ್ಸರಾಗುತ್ತದೆ. ಆ ಕ್ಯಾನ್ಸರಿನಿಂದ ಕಾಲಿನ ಎಲುಬು ದಪ್ಪವಾಗುತ್ತದೆ. ತಿಪ್ಪೆಯ ಹುಳುವಿಗೂ ಕುಂಟುವ ಕಾಲಿಗೂ ನಡುವೆ ಇಷ್ಟು ಮೆಟ್ಟಿಲುಗಳು! ಎದೆಯ ಗಡ್ಡೆ ಕಾಲಿನ ಎಲುಬನ್ನು ಹೇಗೆ ಬೆಳೆಸುವುದೆಂಬುದು ಇಂದಿಗೂ ಪೂರ್ಣವಾಗಿ ನಿರ್ಧಾರವಾಗಿಲ್ಲ. ಗಡ್ಡೆಯನ್ನು ತೆಗೆದರೆ ಬಾವು ಇಳಿಯುವುದೆಂಬುದು ಮಾತ್ರ ನಿರ್ಧಾರವಾಗಿದೆ.

ಆದರೂ ‘ದೂರ’ ಸಾಲದು. ಕ್ಯಾನ್ಸರ್ ತಾನೇ ಹರಡಿ ದೂರದಲ್ಲಿ ಬೇರೂರುವುದೂ ದೂರದ ಕೆಡುಕೇ. ಪುಪ್ಪುಸದ ಗಡ್ಡೆಯ ಕಣ ಕಾಲಿನ ಎಲುಬಿಗೆ ಹೋಗಿ ಅಲ್ಲಿ ಬೆಳೆದರೆ ಅದು ಸ್ಥಾನಾಂತರ. ಕಣ ಹೋಗದೆ ಎಲುಬು ಬೆಳೆದರೆ ನಮ್ಮ ವಿಕಾರ. ಮೊದಲನೆಯದರಲ್ಲಿ ಶಸ್ತ್ರಚಿಕಿತ್ಸೆಯ ಆಸೆ ಬಹುಮಟ್ಟಿಗೆ ಮುಗಿಯಿತು. ಎರಡನೆಯದರಲ್ಲಿ ಆಸೆಗೆ ಎಡೆಯುಂಟು. ಪ್ರಾಣಿಯನ್ನು ಉಳಿಸುವುದೋ ನೋವಿಲ್ಲದೆ ಕೊನೆಗಾಣಿಸುವುದೋ ಎಂಬ ತೀರ್ಮಾನ ನಿಲ್ಲುವುದು ಈ ಭೇದದ ಮೇಲೆ. ಇಂಥ ಭೇದವನ್ನು ಅಳಿಸುವ ವಿಶೇಷಣವನ್ನು ಒಪ್ಪಲಾಗದು.

ಗಡ್ಡೆ ಕಳುಹಿಸಿದ ದ್ರವ್ಯದಿಂದಾದುದೆಂದು ‘ಪ್ರೇಷಿತ’ವೆನ್ನಬಹುದಾಗಿತ್ತು. ಥೈಮಸ್ ಗ್ರಂಥಿಯ ಗಡ್ಡೆ ಇದಕ್ಕೆ ಅಡ್ಡಬರುತ್ತದೆ. ಅಲ್ಲಿ ಗಡ್ಡೆ ಏನನ್ನೂ ಕಳುಹಿಸುವುದಿಲ್ಲ. ದೇಹವೇ ಹುಟ್ಟಿಸಿದ ಪ್ರತಿಕಾಯಗಳು ನರವೂ ಸ್ನಾಯುವೂ ಕೂಡುವೆಡೆಯನ್ನು ಹಾಳುಗೆಡವುತ್ತವೆ. ನಾಯಿ ನಾಲ್ಕು ಹೆಜ್ಜೆ ನಡೆದು ಕುಸಿಯುತ್ತದೆ, ಅನ್ನನಾಳ ಸಡಿಲಗೊಂಡು ತಿಂದುದು ಹಾಗೆಯೇ ಹೊರಬೀಳುತ್ತದೆ. ಗಡ್ಡೆಯನ್ನು ತೆಗೆದ ಮೇಲೂ ಈ ದೌರ್ಬಲ್ಯ ಕೆಲವು ನಾಯಿಗಳಲ್ಲಿ ಉಳಿದುಕೊಳ್ಳುವುದುಂಟು. ಚರಕನ ಲಕ್ಷಣದಲ್ಲಿರುವ ‘ಬಹುಮಟ್ಟಿಗೆ’ ಎಂಬರ್ಥದ ಮಾತಿನ ಬೆಲೆ ಇಲ್ಲಿ ತಿಳಿಯುವುದು. ಆ ಒಂದು ಮಾತಿಲ್ಲದಿದ್ದರೆ ಲಕ್ಷಣಕ್ಕೆ ಅವ್ಯಾಪ್ತಿದೋಷ ತಗಲುತ್ತಿತ್ತು.

ಉಳಿದುದು ‘ಪರೋಕ್ಷ’. ಕಣ್ಣಿಗೆ ಆಚೆಗಿನದು ಎಂಬುದು ಅದರ ಮೂಲಾರ್ಥ; ನೇರವಲ್ಲದುದು, ಇನ್ನೊಂದರ ಮೂಲಕ ಬಂದುದು ಎಂಬುದು ರೂಢಾರ್ಥ. ಇಲ್ಲಿ ಎರಡೂ ಬೇಕು. ಗಡ್ಡೆ ಕಣ್ಣಿಗೆ ಬೀಳದಿರುವಾಗಲೇ ವಿಕಾರ ಕಾಣಿಸುವುದು. ವಿಕಾರ ಗಡ್ಡೆಯಿಂದ ನೇರವಾಗಿ ಬಾರದೆ ದ್ರವ್ಯದ ಮೂಲಕವೋ ಪ್ರತಿಕಾಯದ ಮೂಲಕವೋ ಬರುವುದು. ಸ್ಥಾನಾಂತರ ದೂರವಾದರೂ ಪರೋಕ್ಷವಲ್ಲ; ಅಲ್ಲಿ ಗಡ್ಡೆಯೇ ಸಾಕ್ಷಾತ್ತಾಗಿ ಹೋಗಿ ಕುಳಿತಿದೆ. ಆದುದರಿಂದ ‘ಅರ್ಬುದದ ಪರೋಕ್ಷೋಪದ್ರವ’ ಎಂಬ ಪದ ಉಚ್ಚಾರಣೆಗೆ ಸ್ವಲ್ಪ ಭಾರವಾದರೂ ಅರ್ಥಕ್ಕೆ ಸರಿಯಾಗಿದೆಯೆಂದು ಹೇಳಬಹುದು. ಸಾಮಾನ್ಯರಿಗಾಗಿ ಬರೆಯುವಾಗ ಇದನ್ನು ಹೇರಬೇಕಾದ ಅವಶ್ಯಕತೆಯಿಲ್ಲ. ‘ಗಡ್ಡೆ ಒಂದೆಡೆ, ಕೇಡು ಇನ್ನೊಂದೆಡೆ’ ಎಂದರೆ ಸಾಕು. ಹನ್ನೆರಡನೆಯ ಶತಮಾನದಲ್ಲಿ ಚಾಲುಕ್ಯರಾಜವಂಶದ ಕೀರ್ತಿವರ್ಮನು ‘ಗೋವೈದ್ಯ’ವನ್ನು ಕನ್ನಡದಲ್ಲಿ ರಚಿಸಿದನು, ಔಷಧದೊಡನೆ ಮಂತ್ರವೂ ಬೆರೆತಿರುವ ಗ್ರಂಥವದಾದರೂ, ಪಶುವೈದ್ಯವನ್ನು ಬರೆಯುವ ಶಕ್ತಿ ಈ ಭಾಷೆಗೆ ಇಂದು ಹೊಸದಾಗಿ ಬರಬೇಕಾದುದಿಲ್ಲವೆಂಬುದಕ್ಕೆ ಅದೇ ಸಾಕ್ಷಿ.

ಪದ ನಿಂತಿತೆಂದರೆ ಅದರ ಎಲ್ಲೆಯನ್ನೂ ಗೊತ್ತುಮಾಡಬೇಕು. ಎರಡು ಪ್ರಸಂಗಗಳಲ್ಲಿ ಎಲ್ಲೆ ವಿವಾದಾಸ್ಪದವಾಗಿದೆ. ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ಸುರಿಸುವ ಕಣಗಳೇ ಗಡ್ಡೆಯಾದಾಗ ರಕ್ತದ ಸಕ್ಕರೆ ಕುಸಿದು ನಾಯಿ ನಡುಗುತ್ತದೆ, ಸೆಳವು ಬಂದು ಬೀಳುತ್ತದೆ. ಇಲ್ಲಿ ಗಡ್ಡೆ ತನ್ನ ಗ್ರಂಥಿಯ ಕೆಲಸವನ್ನೇ ಮಿತಿಮೀರಿ ಮಾಡುತ್ತಿದೆ; ಗುದಚೀಲದ ಗಂಟು ತನಗೆ ಸಂಬಂಧಪಡದ ಗ್ರಂಥಿಯ ಕೆಲಸವನ್ನು ಮಾಡುತ್ತಿತ್ತು. ಮೊದಲನೆಯದನ್ನು ಈ ವರ್ಗಕ್ಕೆ ಸೇರಿಸಬಾರದೆಂದು ಕೆಲವು ವಿದ್ವಾಂಸರ ಮತ. ಪಶುವೈದ್ಯಗ್ರಂಥಗಳಲ್ಲಿ ಸೇರಿಸುವುದೇ ಹೆಚ್ಚು. ಹೊಟ್ಟೆಯೊಳಗೆ ಉಳಿದುಹೋದ ವೃಷಣದಲ್ಲಿ ಗಡ್ಡೆಯಾಗಿ ಸ್ತ್ರೀಹಾರ್ಮೋನನ್ನು ಸುರಿಸುವ ಗಂಡುನಾಯಿಯ ವಿಷಯದಲ್ಲಿಯೂ ಇದೇ ಚರ್ಚೆ. ಅದರ ಮೊಲೆತೊಟ್ಟುಗಳು ಬೆಳೆಯುತ್ತವೆ, ಪಕ್ಕೆಗಳ ಕೂದಲು ಉದುರುತ್ತದೆ, ಬೇರೆ ಗಂಡುನಾಯಿಗಳು ಅದನ್ನು ಹಿಂಬಾಲಿಸುತ್ತವೆ. ಇದನ್ನು ನೋಡಿ ನಗುವವರಿಗೆ, ಅದೇ ಹಾರ್ಮೋನು ಅಸ್ಥಿಮಜ್ಜೆಯನ್ನು ಒಣಗಿಸಿ ರಕ್ತಹೀನತೆಯಿಂದ ನಾಯಿಯನ್ನು ಕೊಲ್ಲಬಲ್ಲುದೆಂಬುದು ತಿಳಿದಿರುವುದಿಲ್ಲ. ‘ಪಕ್ಕ’ ಎಂಬರ್ಥದ ಪಾಶ್ಚಾತ್ಯ ಪದದಿಂದ ಈ ವಿವಾದ ತೀರದು. ಪರೋಕ್ಷವೆಂಬ ಪದದಿಂದ ತೀರುವುದು. ಗಡ್ಡೆಯಿಲ್ಲದೆಡೆಯಲ್ಲಿ ದ್ರವ್ಯದ ಮೂಲಕ ಕೇಡಾಯಿತೆಂಬಷ್ಟೇ ಅದರ ಅಪೇಕ್ಷೆ, ದ್ರವ್ಯ ಸ್ವಂತದ್ದೋ ಪರಕೀಯವೋ ಎಂಬುದು ಒಳಭೇದ.

ಇನ್ನೊಂದು ಪ್ರಸಂಗ ಜರ್ಮನ್ ಷೆಪರ್ಡ್ ನಾಯಿಗಳದು. ಅವುಗಳ ಕಾಲುಗಳ ಚರ್ಮದಲ್ಲಿ ಗಟ್ಟಿಯಾದ ಗಂಟುಗಳೆದ್ದು, ಮೂತ್ರಪಿಂಡಗಳಲ್ಲಿ ಕ್ಯಾನ್ಸರ್ ಇರುವುದು ತಿಳಿದುಬರುತ್ತದೆ. ಇದನ್ನು ಬಹುಕಾಲ ಪ್ಯಾರಾನಿಯೋಪ್ಲಾಸ್ಟಿಕ್ ವಿಕಾರಗಳ ಪಟ್ಟಿಯಲ್ಲಿ ಬರೆದರು. ೨೦೦೩ರಲ್ಲಿ ಎರಡಕ್ಕೂ ಒಂದೇ 'ಜೀನಿ'ನ ವಂಶಾಗತ ದೋಷ ಕಾರಣವೆಂದು ಕಂಡುಬಂದಿತು. ಎರಡೂ ಒಂದೇ ತಾಯಿಯ ಮಕ್ಕಳಾದ ಮೇಲೆ ಒಂದು ಇನ್ನೊಂದರ ಉಪದ್ರವವೆನಿಸದು. ‘ಪಕ್ಕದ್ದು’ ಎಂಬ ಸಡಿಲ ಹೆಸರಿನಲ್ಲಿ ಇದು ಸುಖವಾಗಿ ಕುಳಿತಿತ್ತು. ‘ಉಪದ್ರವ’ದ ಲಕ್ಷಣವನ್ನು ಕೈಯಲ್ಲಿ ಹಿಡಿದವನು ಮೂತ್ರಪಿಂಡದ ಗಡ್ಡೆ ಹೋದರೆ ಚರ್ಮದ ಗಂಟು ಹೋಗುವುದೇ ಎಂದು ಮೊದಲೇ ಕೇಳುತ್ತಿದ್ದನು.

ಈ ಕೇಳ್ಮೆಗೂ ಹಳೆಯ ಶಾಸ್ತ್ರದಲ್ಲಿ ಹೆಸರಿದೆ: ‘ಉಪಶಯ’. ಔಷಧ, ಆಹಾರ, ವಿಹಾರಗಳಲ್ಲಿ ಯಾವುದರಿಂದ ಸುಖವಾಯಿತೆಂಬುದನ್ನು ಕಂಡು ರೋಗವನ್ನು ಗುರುತಿಸುವುದು. ಗೂಢಲಿಂಗವಾದ, ಎಂದರೆ ಕುರುಹು ಮರೆಯಾದ, ವ್ಯಾಧಿಯನ್ನು ಹೀಗೆ ಪರೀಕ್ಷಿಸಬೇಕೆಂದು ಚರಕನ ವಿಧಿ. ಇನ್ಸುಲಿನ್ ಗಡ್ಡೆಯ ವಿಷಯದಲ್ಲಿ ೧೯೩೦ರ ದಶಕದಲ್ಲಿ ಅಮೆರಿಕದ ಶಸ್ತ್ರವೈದ್ಯ ವಿಪ್ಪಲ್ ಕೊಟ್ಟ ಮೂರು ಸೂತ್ರಗಳು ಪಶುವೈದ್ಯದಲ್ಲಿಯೂ ಮಾನ್ಯವಾಗಿವೆ: ಲಕ್ಷಣ ಕಾಣಬೇಕು, ಆ ಹೊತ್ತಿನಲ್ಲಿ ರಕ್ತದ ಸಕ್ಕರೆ ಕಡಮೆಯಿರಬೇಕು, ಸಕ್ಕರೆ ಕೊಟ್ಟರೆ ಲಕ್ಷಣ ಅಡಗಬೇಕು. ಮೂರನೆಯದು ಶುದ್ಧ ಉಪಶಯ. ನಮ್ಮ ಪ್ರಕರಣದಲ್ಲಿ ಗೂಢವಾದುದು ಕುರುಹಲ್ಲ, ಸ್ಥಾನವೆಂಬ ವ್ಯತ್ಯಾಸವನ್ನು ಮರೆಯಬಾರದು. ಉಪಶಯ ಸ್ಥಾನವನ್ನು ತೋರಿಸದು; ಸಂಬಂಧವನ್ನು ಸಿದ್ಧಪಡಿಸುವುದು. ಅನುಪಯುಕ್ತವಾದ ಉಪಶಯವೂ ಒಂದುಂಟು: ಕಾರಣವರಿಯದೆ ಪ್ರೆಡ್ನಿಸೊಲೋನ್ ಕೊಟ್ಟುನೋಡಿದರೆ ಲಿಂಫೋಮವಿರುವ ನಾಯಿ ಕೆಲದಿನ ಚೇತರಿಸಿಕೊಂಡು, ಗ್ರಂಥಿಗಳು ಕುಗ್ಗಿ, ರೋಗವನ್ನು ಗುರುತಿಸುವ ಸಾಧನವೇ ಕೈಬಿಟ್ಟುಹೋಗುವುದು.

ಉಪಶಯದ ಅತ್ಯಂತ ಸ್ಫುಟವಾದ ನಿದರ್ಶನ ಬೆಕ್ಕಿನಲ್ಲಿ ದೊರೆಯುತ್ತದೆ. ಮೇದೋಜೀರಕ ಗ್ರಂಥಿಯ ಕ್ಯಾನ್ಸರಿರುವ ಕೆಲವು ಬೆಕ್ಕುಗಳಲ್ಲಿ ಹೊಟ್ಟೆಯ, ಕಾಲುಗಳ ಕೂದಲು ಹಿಡಿಹಿಡಿಯಾಗಿ ಕಿತ್ತುಬಂದು ಚರ್ಮ ಕನ್ನಡಿಯಂತೆ ಹೊಳೆಯುತ್ತದೆ. ಅಂಥ ಬೆಕ್ಕೊಂದರ ಗಡ್ಡೆಯನ್ನು ತೆಗೆದಾಗ ಕೂದಲು ಮತ್ತೆ ಬೆಳೆದುದನ್ನು ೧೯೯೯ರಲ್ಲಿ ಬ್ರಿಟನ್ನಿನ ಪಶುವೈದ್ಯಪತ್ರಿಕೆಯೊಂದು ವರದಿಮಾಡಿತು. ರೋಗ ಮರುಕಳಿಸಿದಾಗ ಕೂದಲು ಮತ್ತೆ ಉದುರಿತು. ಗುದಚೀಲದ ಗಂಟನ್ನು ತೆಗೆಸಿಕೊಂಡ ನಾಯಿಗಳಲ್ಲಿಯೂ ಹೀಗೆಯೇ. ಇಳಿದಿದ್ದ ಕ್ಯಾಲ್ಸಿಯಮ್ ತಿಂಗಳುಗಳ ಮೇಲೆ ಏರತೊಡಗಿದರೆ, ಬೆರಳಿಗೆ ಏನೂ ತಗಲದಿದ್ದರೂ, ಗಡ್ಡೆ ಎಲ್ಲಿಯೋ ಮರಳಿ ಬೆಳೆಯುತ್ತಿದೆಯೆಂದು ವೈದ್ಯನು ತಿಳಿಯುತ್ತಾನೆ. ಆ ಏರಿಕೆಯನ್ನು ಎರಡನೆಯ ಸಲದ ಪೂರ್ವರೂಪವೆಂದು ಕರೆಯುವ ಚಾಪಲ್ಯ ಮತ್ತೊಮ್ಮೆ ಉಂಟಾಗುವುದು ಸಹಜ. ಆದರೆ ಆಗಲೂ ಅದು ಉಪದ್ರವವೇ. ಮೊದಲ ಸಲ ಗಂಟನ್ನು ಹುಡುಕಲು ತಡವಾಯಿತು, ಈ ಸಲ ಹೊಟ್ಟೆಯೊಳಗಿನ ದುಗ್ಧರಸಗ್ರಂಥಿಗಳನ್ನು ಮೊದಲೇ ಪರೀಕ್ಷಿಸಬಹುದು.